ಯಾವ ಕ್ಲಿಯರ್?

ನನ್ನ ಮಾತು ಈಗ ಅರ್ಧ ಬಾಯಿಂದ, ಅರ್ಧ ಮೂಗಿನಿಂದ ಬರುತ್ತದೆ. ಫೋನಿನಲ್ಲಿ ಮೊದಲ ಸಲ ಕೇಳಿದವರು ನೆಗಡಿಯಾ ಎಂದು ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ. ಎಲ್ಲರಿಗೂ ಅಂಗುಳದ ಕಥೆ ಹೇಳುತ್ತ ಕೂತರೆ ಬೇರೆ ಕೆಲಸ ನಡೆಯುವುದಿಲ್ಲ. ಆದರೆ ಎಲ್ಲೋ ಒಬ್ಬರು, ಅರ್ಥವಾಗದ ರಿಪೋರ್ಟೊಂದನ್ನು ಕೈಯಲ್ಲಿ ಹಿಡಿದು, ಆಸ್ಪತ್ರೆಯ ಬೆಂಚಿನ ಮೇಲೆ ನಾನು ಕೂತ ಹಾಗೆಯೇ ಕೂತಿರಬಹುದು. ಅವರಿಗಾಗಿ ಒಂದು ಸಲ ಪೂರ್ತಿ ಹೇಳುತ್ತೇನೆ. ನನಗೆ ಎಲ್ಲ ಅರ್ಥವಾಗಿದೆ ಎಂದು ಮಾತ್ರ ತಿಳಿಯಬೇಡಿ.

ಹರಿಹರದ ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ನನ್ನ ಟೇಬಲ್ಲು. ಇಪ್ಪತ್ತಾರು ವರ್ಷದಿಂದ ಅಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಊರವರಿಗೆ ನಾನು ರೈಟರ್ ಇಮಾಮ್‌ಸಾಬ್. ಪಿಯುಸಿಯಲ್ಲಿ ಇಂಗ್ಲಿಷಿನಲ್ಲೇ ಫೇಲಾದವನು. ಆದರೂ ಯಾರು ಯಾವ ಇಂಗ್ಲಿಷ್ ಕಾಗದ ತಂದರೂ ಕನ್ನಡಕ ಏರಿಸಿ, ಓದಿ, ಅರ್ಥ ಹೇಳಿ ಕಳಿಸುತ್ತಿದ್ದೆ. ಬ್ಯಾಂಕಿನ ನೋಟಿಸು, ಕೋರ್ಟಿನ ಸಮನ್ಸು, ಕೆಲವು ಸಲ ರಕ್ತಪರೀಕ್ಷೆಯ ಚೀಟಿ ಕೂಡ. ಪಕ್ಕದಲ್ಲಿ ಜೆರಾಕ್ಸ್ ಮಿಷನ್ ಇಟ್ಟುಕೊಂಡಿರುವ ಕೊಟ್ರೇಶಪ್ಪ ನನ್ನ ಹಳೆಯ ಗೆಳೆಯ. ಅವನು ನನ್ನನ್ನು ನೋಡಿ “ಅಲ್ಪವಿದ್ಯೆ ಮಹಾಗರ್ವಿ” ಅನ್ನುತ್ತಿದ್ದ. ನಾನು ನಗುತ್ತಿದ್ದೆ. ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ.

ನಮ್ಮ ಕಸುಬಿನಲ್ಲಿ ಒಂದು ಪದ ದಿನಕ್ಕೆ ನೂರು ಸಲ ಬಾಯಿಗೆ ಬರುತ್ತದೆ. ಕ್ಲಿಯರ್. ಖಾತೆ ಬದಲಾದರೆ ಕ್ಲಿಯರ್, ಸಾಹೇಬರ ಸಹಿ ಬಿದ್ದರೆ ಕ್ಲಿಯರ್, ತಕರಾರು ವಾಪಸ್ಸಾದರೆ ಕ್ಲಿಯರ್. ಓಣಿಯ ಹುಡುಗಿ ಪರೀಕ್ಷೆ ಪಾಸಾದರೂ ಕ್ಲಿಯರ್, ಹೆಂಡತಿ ಮುನಿಸು ಬಿಟ್ಟರೂ ಕ್ಲಿಯರ್. ತಿಂಗಳುಗಟ್ಟಲೆ ಅಲೆದವರಿಗೆ “ಹೋಗ್ರಿ, ನಿಮ್ದು ಕ್ಲಿಯರ್ ಐತೆ” ಎಂದು ಹೇಳುವಾಗ ಅವರ ಮುಖ ಅರಳುವುದನ್ನು ನೋಡಬೇಕು. ನನಗೆ ಬೀಡಿ, ಎಲೆ ಅಡಿಕೆ, ಗುಟ್ಕಾ ಯಾವುದರ ಚಟವೂ ಇರಲಿಲ್ಲ. ಈ ಮಾತು ಹೇಳುವ ಚಟ ಮಾತ್ರ ಇತ್ತು.

ಬಾಯೊಳಗಿನ ಗಂಟು ಮೊದಲು ಸಿಕ್ಕಿದ್ದು ನನ್ನ ನಾಲಿಗೆಗೆ. ಒಂದು ಸಂಜೆ ಕೊಟ್ರೇಶಪ್ಪನ ಜೊತೆ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆ. ಬಲಗಡೆ ಅಂಗುಳಕ್ಕೆ ಮಿರ್ಚಿಯ ಸಿಪ್ಪೆ ಅಂಟಿದೆ ಎಂದು ನಾಲಿಗೆಯಿಂದ ಕೆದಕಿದೆ. ಅದು ಸಿಪ್ಪೆಯಲ್ಲ, ನನ್ನದೇ ಬಾಯಿ. ಹುಣಸೆ ಬೀಜದಷ್ಟು ದಪ್ಪಗೆ, ನುಣ್ಣಗೆ ಉಬ್ಬಿತ್ತು. ನೋವಿರಲಿಲ್ಲ. ನೋವಿಲ್ಲ ಎಂದಮೇಲೆ ಅದು ಕಾಯಿಲೆ ಹೇಗಾಗುತ್ತದೆ ಎಂದು ನಾನೇ ತೀರ್ಮಾನ ಕೊಟ್ಟುಕೊಂಡೆ. ಆದರೆ ನಾಲಿಗೆ ಕೇಳಲಿಲ್ಲ. ಅರ್ಜಿ ಬರೆಯುವಾಗ, ನಮಾಜಿನಲ್ಲಿ, ಬಸ್ಸಿನಲ್ಲಿ, ಅದು ಮತ್ತೆ ಮತ್ತೆ ಅಲ್ಲಿಗೇ ಹೋಗಿ ಮುಟ್ಟಿ ಬರುತ್ತಿತ್ತು. ನಾನು ಮಾತಿನ ನಡುವೆ ತಡೆಯುವುದನ್ನು ಹೆಂಡತಿ ನೂರ್‌ಜಾನ್ ಗಮನಿಸಿದಳು. ಬಾಯಿ ತೆಗೆಸಿ, ಟಾರ್ಚ್ ಬಿಟ್ಟು ನೋಡಿ, ನಾಳೆಯೇ ದಾವಣಗೆರೆಗೆ ಹೋಗಬೇಕು ಅಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಗಾದೆ ನನಗೆ ಅಕ್ಷರಶಃ ಅನ್ವಯಿಸಿದ್ದು ಅವತ್ತು.

ದಾವಣಗೆರೆಯ ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಬಾಯಿಯ ಗಂಟು ಹೊತ್ತು ಬಂದವರನ್ನೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಏನು ಹಾಕುತ್ತೀರಿ? ನನ್ನ ಮುಂದಿದ್ದವರು ಎಲೆ ಅಡಿಕೆ ಅಂದರು, ಅವರ ಮುಂದಿದ್ದವರು ಗುಟ್ಕಾ ಅಂದರು. ನಾನು ಏನೂ ಇಲ್ಲ ಅಂದಾಗ ಚೀಟಿ ಬರೆಯುತ್ತಿದ್ದ ಹುಡುಗಿ ತಲೆಯೆತ್ತಿ, “ನಿಜ ಹೇಳ್ರಿ ಅಂಕಲ್, ಬೈಯಲ್ಲ” ಅಂದಳು. ಪಕ್ಕದಲ್ಲಿ ಆನಗೋಡಿನ ಒಬ್ಬ ಅಮ್ಮ ಕೂತಿದ್ದರು. ಅವರ ಗಂಡನಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನೂರ್‌ಜಾನಳಿಗೆ, “ಗಂಡಸರು ಅಂಗಡಿ ಹಿಂದೆ ನಿಂತು ಹಾಕ್ಕೊಂಡು ಬರ್ತಾರವ್ವ, ನಮಗೆಲ್ಲಿ ಗೊತ್ತಾಗುತ್ತೆ” ಎಂದು ಸಮಾಧಾನ ಹೇಳಿದರು. ಮಾಡಿದ ತಪ್ಪಿಗೆ ಶಿಕ್ಷೆಯಾದರೆ ಮನಸ್ಸು ಹೇಗೋ ಒಪ್ಪುತ್ತದೆ. ಒಪ್ಪಿಕೊಳ್ಳಲು ನನ್ನ ಹತ್ತಿರ ತಪ್ಪೇ ಇರಲಿಲ್ಲ. ಅದೇ ನನ್ನ ಮೊದಲ ಗೊಂದಲ.

ಅಲ್ಲಿ ನಮ್ಮನ್ನು ನೋಡಿದವರು ಬಾಯಿಯ ಸರ್ಜನ್, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ನಾವು ಅವರನ್ನು ಮೇಡಂ ಎಂದೇ ಕರೆಯುತ್ತೇವೆ. ಬೆರಳಿನಿಂದ ಒತ್ತಿ ನೋಡಿದರು, ಸೂಜಿ ಚುಚ್ಚಿ ಅಂಗುಳ ಮರಗಟ್ಟಿಸಿ ಒಂದು ಚೂರು ತೆಗೆದರು. ಹತ್ತು ದಿನದ ಮೇಲೆ ರಿಪೋರ್ಟು ತೆಗೆದುಕೊಂಡು ಬಂದು ತೋರಿಸಿ ಅಂದರು. “ತೋರಿಸಿ” ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಹತ್ತನೇ ದಿನ ನಾನೊಬ್ಬನೇ ಹೋದೆ. ಕೌಂಟರಿನಲ್ಲಿ ಲಕೋಟೆ ಕೊಟ್ಟರು. ಮೇಡಂ ಊಟಕ್ಕೆ ಹೋಗಿದ್ದಾರೆ, ಎರಡೂವರೆಗೆ ಸಿಗುತ್ತಾರೆ ಅಂದರು. ಲಕೋಟೆ ಕೈಯಲ್ಲಿದ್ದು ಅದನ್ನು ಒಡೆಯದೆ ಕೂರುವ ರೈಟರ್ ಇನ್ನೂ ಹುಟ್ಟಿಲ್ಲ. ಬೆಂಚಿನ ಮೇಲೆ ಕೂತು ಕನ್ನಡಕ ಏರಿಸಿದೆ. ಒಂದು ಪುಟ ಸಣ್ಣ ಅಕ್ಷರ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು, “ಕ್ಲಿಯರ್ ಸೆಲ್ ನಿಯೋಪ್ಲಾಸಂ”. ಅದರ ಕೆಳಗೆ ಇನ್ನೂ ಏನೇನೋ ಪರೀಕ್ಷೆಗೆ ಸಲಹೆ. ಕ್ಯಾನ್ಸರ್ ಎನ್ನುವ ಪದಕ್ಕಾಗಿ ಎರಡು ಸಲ ಹುಡುಕಿದೆ. ಇರಲಿಲ್ಲ. ಸೆಲ್ ಎಂದರೆ ಜೀವಕೋಶ, ಹೈಸ್ಕೂಲಿನಲ್ಲಿ ಚಿತ್ರ ಬರೆದಿದ್ದೆ. ಪ್ಲಾಸಂ ಎಂದರೆ ರಕ್ತದ ಪ್ಲಾಸ್ಮಾ ಇರಬೇಕು. ಜೀವಕೋಶ ಕ್ಲಿಯರ್, ರಕ್ತವೂ ಕ್ಲಿಯರ್. ಕೆಳಗಿನ ಸಲಹೆ ಎಲ್ಲ ರಿಪೋರ್ಟಿನಲ್ಲೂ ಇರುವ ಶಾಸ್ತ್ರ. ಹೀಗೆ ನನ್ನ ಕೇಸು ನಾನೇ ವಿಚಾರಿಸಿ ನಾನೇ ತೀರ್ಪು ಕೊಟ್ಟೆ. ಎರಡೂವರೆಯವರೆಗೆ ಕಾಯುವುದು ಯಾಕೆ ಎಂದು ಎದ್ದು, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೇಜಿ ಪೇಡೆ ಕಟ್ಟಿಸಿಕೊಂಡು ಹರಿಹರದ ಬಸ್ಸು ಹತ್ತಿದೆ.

ಮನೆಯಲ್ಲಿ ನಾವು ಆಡುವುದು ಉರ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಆದರೆ ಒಂದು ಮಾತನ್ನು ಹಾಗೆಯೇ ಇಡಬೇಕು. ಬಾಗಿಲಲ್ಲೇ ನಿಂತು ನೂರ್‌ಜಾನಳಿಗೆ “ಸಾಫ್ ಹೈ” ಅಂದೆ. ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ಮೇಡಂ ಹೇಳಿದ್ರಾ?”

“ಮೇಡಂ ಯಾಕ ಹೇಳ್ಬೇಕು? ಬರ್ದೇ ಕೊಟ್ಟಾರೆ.”

ಅವಳು ಪೇಡೆ ತಿಂದಳು. ಕೊಟ್ರೇಶಪ್ಪ ಎರಡು ತಿಂದ. ಕಚೇರಿಯ ಜವಾನನಿಂದ ಹಿಡಿದು ನಮ್ಮ ಓಣಿಯ ಕೊನೆಯ ಮನೆಯವರೆಗೆ ಎಲ್ಲರೂ ನನ್ನ ಅಂಗುಳದ ಹೆಸರಿನಲ್ಲಿ ಬಾಯಿ ಸಿಹಿ ಮಾಡಿಕೊಂಡರು. ಆಸ್ಪತ್ರೆಯಿಂದ ಒಂದು ಸಲ ಫೋನು ಬಂತು, ರಿಪೋರ್ಟು ತೋರಿಸಲಿಲ್ಲವಲ್ಲ ಎಂದು. ನಾನು ನನ್ನ ಕಚೇರಿಯ ದನಿಯಲ್ಲಿ, “ತಗೊಂಡೀನ್ರಿ, ಎಲ್ಲ ಕ್ಲಿಯರ್ ಬಂದೈತೆ, ಬರ್ತೀನಿ ಒಂದಿನ” ಅಂದೆ. ಅಷ್ಟು ಖಾತ್ರಿಯಾಗಿ ಹೇಳುವವನನ್ನು ಯಾರು ತಾನೇ ಅನುಮಾನಿಸುತ್ತಾರೆ.

ಹೀಗೆ ಎರಡು ತಿಂಗಳು ಹೋಯಿತು. ಗಂಟು ಹೋಗಲಿಲ್ಲ. ಇರಲಿ, ಕ್ಲಿಯರ್ ಇದೆಯಲ್ಲ ಎಂದು ನಾನು ಹಾಯಾಗಿದ್ದೆ. ಆದರೆ ಹುಣಸೆ ಬೀಜ ಅಡಿಕೆಯಾಗಿತ್ತು. ನನಗೆ ತಿಳಿಯದ ಹಾಗೆ ನಾನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಎಡಗಡೆಗೆ ತಳ್ಳಿ ತಿನ್ನುತ್ತಿದ್ದೆ. ನೂರ್‌ಜಾನ್ ಅದನ್ನು ನೋಡುತ್ತಿದ್ದಳು. ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ನಾನು ರಿಪೋರ್ಟು ತೆಗೆದು ಮತ್ತೊಮ್ಮೆ ಓದಿ ಅರ್ಥ ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಒಂದು ದಿನ ನಾನು ಕೆಲಸಕ್ಕೆ ಹೋದ ಮೇಲೆ ಬೀರುವಿನಿಂದ ಆ ಲಕೋಟೆ ತೆಗೆದು, ಚೀಲದಲ್ಲಿಟ್ಟುಕೊಂಡು, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನನ್ನ ಅಕ್ಕ ಖೈರುನ್ ಆಪಾಳ ಮನೆಗೆ ಹೋದಳು. ಇಬ್ಬರೂ ಸೇರಿ ಆಸ್ಪತ್ರೆಗೆ ಹೋದರು.

ನಾನು ಯಾರದೋ ವಿಧವಾ ವೇತನದ ಅರ್ಜಿ ಬರೆಯುತ್ತಿದ್ದಾಗ ಆಪಾಳ ಫೋನು ಬಂತು.

“ಇಮಾಮ್, ಪೆನ್ನು ಕೆಳಗಿಡು.”

“ಬರೀತಾ ಇದೀನಿ ಆಪಾ, ಒಂದು ನಿಮಿಷ.”

“ಪೆನ್ನು ಕೆಳಗಿಟ್ಟು ಬಸ್ಸು ಹತ್ತು. ನೀನು ಓದಿದ್ದು ತಪ್ಪೈತೆ.”

ಅರ್ಜಿ ಅರ್ಧಕ್ಕೇ ನಿಂತಿತು. ಅದನ್ನು ಕೊಟ್ರೇಶಪ್ಪ ಮುಗಿಸಿಕೊಟ್ಟನಂತೆ.

ಮೇಡಂ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಒಳ್ಳೆಯದಿತ್ತು. ರಿಪೋರ್ಟನ್ನು ಟೇಬಲ್ಲಿನ ಮೇಲೆ ನನ್ನ ಕಡೆ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟರು. “ಇಲ್ಲಿ ಕ್ಲಿಯರ್ ಅಂದ್ರೆ ಬೇರೆ ಸಾಬ್ರೆ. ಮೈಕ್ರೋಸ್ಕೋಪಿನಾಗೆ ನೋಡಿದ್ರೆ ಈ ಜೀವಕೋಶ ಒಳಗೆ ಖಾಲಿ ಖಾಲಿ ಕಾಣ್ತಾವೆ. ಮಂಡಕ್ಕಿ ನೋಡೀರಲ್ಲ, ಹಂಗೆ. ಅದಕ್ಕೆ ಕ್ಲಿಯರ್ ಸೆಲ್ ಅಂತಾರೆ. ಕ್ಲಿಯರ್ ಇರೋದು ಅವು, ನೀವಲ್ಲ.”

“ಮತ್ತೆ ಪ್ಲಾಸಂ?” ಅಂದೆ.

“ನಿಯೋಪ್ಲಾಸಂ ಅಂದ್ರೆ ಗಡ್ಡೆ.”

ಆಪಾ ನನ್ನ ಕೈ ಹಿಡಿದುಕೊಂಡಳು. ನೂರ್‌ಜಾನ್ ಗೋಡೆಯ ಮೇಲಿದ್ದ ಹಲ್ಲಿನ ಚಿತ್ರ ನೋಡುತ್ತಿದ್ದಳು. ಒಂದು ಕೇಜಿ ಪೇಡೆ ನೆನಪಾಗಿ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ನಾಚಿಕೆ. ಸಾವಿನ ಮುಂದೆಯೂ ಮನುಷ್ಯನಿಗೆ ಮಾನದ ಚಿಂತೆ ಎಂದು ಅವತ್ತು ತಿಳಿಯಿತು.

ಹಾಗಾದರೆ ಇದು ಯಾವ ಗಡ್ಡೆ ಎಂದು ಕೇಳಿದರೆ ಮೇಡಂ ಹತ್ತಿರವೂ ಸೀದಾ ಉತ್ತರವಿರಲಿಲ್ಲ. ಇಂಥ ಖಾಲಿ ಕಾಣುವ ಜೀವಕೋಶಗಳು ಹಲವು ಬಗೆಯ ಗಡ್ಡೆಗಳಲ್ಲಿರುತ್ತವಂತೆ. ಉಗುಳಿನ ಗ್ರಂಥಿಯದಿರಬಹುದು, ಹಲ್ಲಿನ ಬೇರಿನ ಕಡೆಯದಿರಬಹುದು. ಇನ್ನೊಂದು ಮಾತನ್ನು ಅವರು ನಿಧಾನವಾಗಿ ಹೇಳಿದರು. ಬೇರೆ ಎಲ್ಲೋ ಹುಟ್ಟಿ ಬಾಯಿಗೆ ಬಂದದ್ದೂ ಇರಬಹುದು, ಅದಕ್ಕೆ ಮೊದಲು ಕಿಡ್ನಿ ನೋಡಬೇಕು.

“ಬಾಯಾಗಿನ ಗಂಟಿಗೆ ಕಿಡ್ನಿ ಯಾಕ್ರಿ ಮೇಡಂ?” ಎಂದು ನೂರ್‌ಜಾನ್ ಕೇಳಿದಳು.

“ಕಿಡ್ನಿ ಗಡ್ಡೆನೂ ಮೈಕ್ರೋಸ್ಕೋಪಿನಾಗೆ ಹಿಂಗೇ ಕಾಣುತ್ತಮ್ಮ. ಅಲ್ಲಿಂದ ಬಂದಿದ್ದಲ್ಲ ಅಂತ ಖಾತ್ರಿ ಮಾಡ್ಕೋಬೇಕು.”

“ಬಂದಿದ್ರೆ?”

“ಬಂದಿದ್ರೆ ಬೇರೆ ದಾರಿ. ಮೊದ್ಲು ನೋಡಾಣ.”

ಮೇಡಂ ಇನ್ನೊಂದು ಮಾತು ಹೇಳಿದರು. “ಬಾಳ ಅಪರೂಪದ್ದು. ನಾನೂ ಪುಸ್ತಕದಾಗೆ ಓದೀನಿ, ಕಣ್ಣಾರೆ ನೋಡ್ತಿರೋದು ನಿಮ್ದೇ ಮೊದ್ಲು.” ನಮ್ಮ ಕಡೆ ಬಹಳ ದಿನದ ಮೇಲೆ ಮನೆಗೆ ಬಂದವರಿಗೆ “ಏನ್ರಿ, ಅಪರೂಪ ಆಗ್ಬಿಟ್ರಿ” ಅನ್ನುತ್ತೇವೆ. ಕರೆಯದೆ ಬಂದ ಈ ಅಪರೂಪದ ಅತಿಥಿಗೆ ಏನನ್ನಬೇಕು ಎಂದು ನನಗೆ ತಿಳಿಯಲಿಲ್ಲ. ಅಪರೂಪ ಎಂದರೆ ಒಳ್ಳೆಯದೋ ಕೆಟ್ಟದ್ದೋ? ಎಲ್ಲರಿಗೂ ಬರುವ ಕಾಯಿಲೆಯಾದರೆ ಎಲ್ಲರಿಗೂ ಗೊತ್ತಿರುವ ಔಷಧಿ ಇರುತ್ತದೆ. ಒಬ್ಬನಿಗೇ ಬಂದರೆ ಅವನು ಯಾರನ್ನು ಕೇಳಬೇಕು? ಆದರೂ ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಓದಿದವರೊಬ್ಬರನ್ನು ನಾನು ಕಂಡದ್ದು ಅದೇ ಮೊದಲು. ಅದರಿಂದ ಯಾಕೋ ಧೈರ್ಯ ಬಂತು. ನಾನಾಗಿದ್ದರೆ ಏನಾದರೊಂದು ಹೇಳಿಬಿಡುತ್ತಿದ್ದೆ.

ಆ ದಿನಗಳಲ್ಲಿ ನನ್ನನ್ನು ಕೊರೆಯುತ್ತಿದ್ದದ್ದು ಗಡ್ಡೆಯಲ್ಲ, ಆ ಎರಡು ತಿಂಗಳು. ಅದು ಆ ಎರಡು ತಿಂಗಳಲ್ಲಿ ಎಲ್ಲೆಲ್ಲಿಗೆ ಹೋಗಿರಬಹುದು? ನಾನು ಪೇಡೆ ಹಂಚುವಾಗ ಅದು ಏನು ಮಾಡುತ್ತಿತ್ತು? ನನ್ನ ಒಂದು ತಪ್ಪು ಓದಿಗೆ ನೂರ್‌ಜಾನ್ ಒಂಟಿಯಾಗುವ ಹಾಗಾಯಿತೆ? ಈ ಪ್ರಶ್ನೆಯನ್ನು ನಾನು ಯಾರನ್ನೂ ಕೇಳಲಿಲ್ಲ. ನೂರ್‌ಜಾನಳೂ ಅದರ ಮಾತೆತ್ತಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಅಂದರೂ ಮೂರು ದಿನ ಬೈದವಳು, ಈಗ ಒಂದು ಮಾತೂ ಆಡಲಿಲ್ಲ. ಮಾತ್ರೆ ಕೊಡುತ್ತಿದ್ದಳು, ಗಂಜಿ ಆರಿಸಿ ಕೊಡುತ್ತಿದ್ದಳು, “ಕುಡೀರಿ” ಅನ್ನುತ್ತಿದ್ದಳು. ಅವಳ ಆ ಒಳ್ಳೆಯತನ ನೋಡಿ ನನಗೆ ಭಯವಾಗುತ್ತಿತ್ತು. ಸಾಯುವವರನ್ನು ಯಾರೂ ಬೈಯುವುದಿಲ್ಲ.

ಕಿಡ್ನಿಯ ಸ್ಕ್ಯಾನಿಗೆ ಹೋಗುವ ಹೊತ್ತಿಗೆ ಸುದ್ದಿ ಹರಿಹರ ಮುಟ್ಟಿತ್ತು, ಮುಟ್ಟುವಾಗ ಸ್ವಲ್ಪ ಬದಲಾಗಿತ್ತು. ರೈಟರ್ ಸಾಬರ ಎರಡೂ ಕಿಡ್ನಿ ಹೋಗಿವೆ, ಅದರ ವಿಷ ಬಾಯಿಗೆ ಬಂದಿದೆ. ಕೊಟ್ರೇಶಪ್ಪ ಮಿಷನ್ನಿಗೆ ಬಟ್ಟೆ ಹೊದಿಸಿ ದಾವಣಗೆರೆಗೆ ಬಂದ. ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನಲ್ಲಿ ನನ್ನ ಪಕ್ಕ ಕೂತು, “ನಂದೊಂದು ತಗಳ್ರಿ ಸಾಬ್ರೆ” ಅಂದ.

“ಏನು?”

“ಕಿಡ್ನಿ. ನನಗೆ ಒಂದು ಸಾಕು. ಜೆರಾಕ್ಸ್ ಮಾಡಕ್ಕೆ ಎಷ್ಟು ಬೇಕು?”

ಮನೆಯಲ್ಲಿ ಕೇಳಿದ್ಯಾ ಅಂದೆ. “ಕೇಳಿಲ್ಲ. ಕೇಳಿದ್ರೆ ಬ್ಯಾಡ ಅಂತಾಳೆ” ಅಂದ. ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಗುತ್ತ ನಗುತ್ತ ಅಳು ಬಂತು. ಕಾಯಿಲೆ ಗೊತ್ತಾದ ಮೇಲೆ ನಾನು ಅತ್ತದ್ದು ಅವತ್ತೇ ಮೊದಲು. ಕೊಟ್ರೇಶಪ್ಪ ಯಾಕೆಂದು ಅರ್ಥವಾಗದೆ ನನ್ನ ಬೆನ್ನು ತಟ್ಟುತ್ತ ಕೂತ. ನಮ್ಮಿಬ್ಬರಲ್ಲಿ ಯಾರಿಗೆ ಏನಾಗಿದೆ ಎಂದು ನೋಡುವವರಿಗೂ ತಿಳಿದಿರಲಾರದು.

ಕಿಡ್ನಿಗಳು ಸರಿಯಾಗಿದ್ದವು. ಸ್ಕ್ಯಾನ್ ಮಾಡಿದವರು ಹೊರಗೆ ಬಂದು, “ಕಿಡ್ನಿ ಎರಡೂ ಕ್ಲಿಯರ್” ಅಂದಾಗ ನಾನು, ನೂರ್‌ಜಾನ್, ಕೊಟ್ರೇಶಪ್ಪ ಮೂವರೂ ಗಾಬರಿಯಿಂದ ಎದ್ದು ನಿಂತೆವು. ಮಂಡಕ್ಕಿಯ ಹಾಗಾ ಎಂದು ನೂರ್‌ಜಾನ್ ಕೇಳಿದಳು. ಪಾಪ, ಅವರಿಗೆ ಏನು ಗೊತ್ತು, “ಇಲ್ಲಮ್ಮ, ಗೋಡಂಬಿ ತರ” ಎಂದು ಹೇಳಿ ಒಳಗೆ ಹೋದರು. ಅದು ಒಳ್ಳೆಯ ಸುದ್ದಿ ಎಂದು ಮೇಡಂ ಬಿಡಿಸಿ ಹೇಳುವವರೆಗೆ ನಾವು ನೀರು ಕೂಡ ಕುಡಿಯಲಿಲ್ಲ.

ಆಮೇಲೆ ನನ್ನ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಪುಟ್ಟ ಬಿಲ್ಲೆಯೊಂದನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಉತ್ತರ ಬರಲು ಮೂರು ವಾರ. ಆ ಮೂರು ವಾರ ನಾವು ಆಪಾಳ ಮನೆಯಲ್ಲೇ ಇದ್ದೆವು. ಕಾಯುವುದು ನನಗೆ ಹೊಸದಲ್ಲ, ನನ್ನ ಟೇಬಲ್ಲಿನ ಸುತ್ತ ಜನ ಕಾಯುತ್ತಲೇ ಇರುತ್ತಾರೆ. ಆದರೆ ಟೇಬಲ್ಲಿನ ಈಚೆ ಕೂತು ಕಾಯುವುದೇ ಬೇರೆ. ನಾನು ಎಷ್ಟು ಜನರಿಗೆ “ನಾಳೆ ಬರ್ರಿ” ಎಂದಿದ್ದೆ, ಎಷ್ಟು ಹಗುರಾಗಿ ಎಂದಿದ್ದೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಆಸ್ಪತ್ರೆಗೆ ಹೋದಾಗಲೆಲ್ಲ ಆನಗೋಡಿನ ಆ ಅಮ್ಮ ಸಿಗುತ್ತಿದ್ದರು. ಟವೆಲ್ಲು ಹಾಸಿ ನಮಗೆ ಜಾಗ ಹಿಡಿದಿರುತ್ತಿದ್ದರು. ಒಂದು ದಿನ ಹತ್ತಿರ ಬಂದು, “ಅವತ್ತು ಹಂಗೆ ಅಂದೆ, ಬೇಜಾರು ಮಾಡ್ಕಬ್ಯಾಡ್ರಿ. ನಿಮ್ಮ ಹಲ್ಲು ನೋಡಿದ್ರೆ ಗೊತ್ತಾಗುತ್ತೆ, ಏನೂ ಹಾಕಲ್ಲ ನೀವು” ಅಂದರು. ಮೇಡಂ ಕೊಟ್ಟ ಎಲ್ಲ ಸಮಾಧಾನಕ್ಕಿಂತ ಆ ಮಾತು ನನಗೆ ದೊಡ್ಡದಾಗಿ ಕಂಡಿತು.

ಬೆಂಗಳೂರಿನಿಂದ ಹೆಸರು ಬಂತು. ಉದ್ದದ ಹೆಸರು, ನಡುವೆ ಕ್ಲಿಯರ್ ಸೆಲ್, ಕೊನೆಗೆ ಕಾರ್ಸಿನೋಮಾ. ಈ ಸಲ ನಾನು ಓದಲು ಹೋಗಲಿಲ್ಲ, ಮೇಡಂ ಓದಿದರು.

“ಕ್ಯಾನ್ಸರೇ ಸಾಬ್ರೆ. ಅಂಗುಳದಾಗೆ ಸಣ್ಣ ಸಣ್ಣ ಉಗುಳಿನ ಗ್ರಂಥಿ ಇರ್ತಾವಲ್ಲ, ಅಲ್ಲಿ ಹುಟ್ಟಿರೋದು. ಆದ್ರೆ ನಿಧಾನದ್ದು. ಪೂರ್ತಿ ತೆಗೆದ್ರೆ ಬಾಳ ಜನ ಚೆನ್ನಾಗಿರ್ತಾರೆ.”

ಕ್ಯಾನ್ಸರೇ, ಆದರೆ. ಆ ‘ಆದರೆ’ಯ ಯಾವ ಕಡೆ ನಿಲ್ಲಬೇಕು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಳಬೇಕೋ, ದೇವರಿಗೆ ಶುಕ್ರಿಯಾ ಹೇಳಬೇಕೋ? ಆಪಾ ಎರಡನ್ನೂ ಮಾಡಿದಳು. ನಾನು ಕೊನೆಗೂ ಆ ಪ್ರಶ್ನೆ ಕೇಳಿದೆ. ಎರಡು ತಿಂಗಳ ಹಿಂದೆಯೇ ಬಂದಿದ್ದರೆ?

ಮೇಡಂ ರಿಪೋರ್ಟನ್ನು ಮಡಚಿಟ್ಟರು. “ಇನ್ನೂ ಸ್ವಲ್ಪ ಕಡಿಮೆ ಜಾಗ ತೆಗೀತಿದ್ವೇನೋ. ಖಂಡಿತ ಅಂತ ಹೇಳಕ್ಕಾಗಲ್ಲ. ಆಪರೇಷನ್ ಆದ್ಮೇಲೆ ಸುತ್ತಲಿನ ಅಂಚು ನೋಡ್ತೀವಿ. ಅಲ್ಲಿ ಏನೂ ಇಲ್ಲದಿದ್ರೆ, ಆ ಎರಡು ತಿಂಗಳು ಮರ್ತುಬಿಡ್ರಿ.”

“ಇದ್ರೆ?”

“ಇದ್ರೆ ಮತ್ತೆ ತೆಗೀಬೇಕು. ಕರೆಂಟು, ಅಂದ್ರೆ ರೇಡಿಯೇಷನ್, ಕೊಡಬೇಕಾಗಬಹುದು.”

ಎಲ್ಲ ಆ ಅಂಚಿನ ಮೇಲೆ ನಿಂತಿತು.

ಆಪರೇಷನ್ ಬಗ್ಗೆ ಹೆಚ್ಚು ಹೇಳಲು ನನ್ನ ಹತ್ತಿರ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎದ್ದಾಗ ಬಲಗಡೆ ಅಂಗುಳದ ಒಂದು ಭಾಗ, ಎರಡು ದವಡೆ ಹಲ್ಲಿನ ಸಮೇತ, ಇರಲಿಲ್ಲ. ಆ ತೂತಿಗೆ ಅಚ್ಚು ತೆಗೆದು ಒಂದು ಪ್ಲೇಟು ಮಾಡಿಕೊಟ್ಟರು, ಅರ್ಧ ಹಲ್ಲುಸೆಟ್ಟಿನ ಹಾಗಿರುತ್ತದೆ. ಪ್ಲೇಟಿಲ್ಲದೆ ನೀರು ಕುಡಿದರೆ ಮೂಗಿನಲ್ಲಿ ಇಳಿಯುತ್ತದೆ. ಮೊದಲ ಸಲ ಹಾಗಾದಾಗ ನಾನು ಹೆದರಿದೆ, ಮೇಡಂ ಇದು ಸಹಜ ಅಂದರು. ಅಂಗುಳ ಎನ್ನುವುದು ಬಾಯಿಗೂ ಮೂಗಿಗೂ ನಡುವಿನ ಅಟ್ಟ ಎಂದು ಐವತ್ತೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ.

ಮಾತು ಇನ್ನೂ ವಿಚಿತ್ರವಾಗಿತ್ತು. ಪ್ಲೇಟು ತೆಗೆದು ತೊಳೆಯುವ ಹೊತ್ತಿನಲ್ಲಿ ‘ಬಾ’ ಎಂದರೆ ‘ಮಾ’ ಆಗುತ್ತಿತ್ತು, ‘ದಾವಣಗೆರೆ’ ಎಂದರೆ ‘ನಾಮಣ’ ಎಂದು ಶುರುವಾಗಿ ಎಲ್ಲೋ ಕಳೆದುಹೋಗುತ್ತಿತ್ತು. ಕ್ಲಿಯರ್ ಅಂತೂ ಬರಲೇ ಇಲ್ಲ, ಬರೀ ಗಾಳಿ. ನಾನು ಒಂದೊಂದೇ ಪದ ಹೇಳಿ ನೋಡುತ್ತಿದ್ದೆ, ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು. ಮೂಗಿನಿಂದ ಹುಟ್ಟುವ ಅಕ್ಷರಗಳು ಮಾತ್ರ ಹಾಗೆಯೇ ಇದ್ದವು. ನಾನು. ನೀನು. ಅಮ್ಮಿ. ನೂರ್. ನನ್ನ ಹೆಂಡತಿಯ ಹೆಸರಿಗೆ ಒಂದಿಷ್ಟೂ ಏಟು ಬಿದ್ದಿರಲಿಲ್ಲ. ಅವಳನ್ನು ಕರೆದೆ, ಬಂದಳು. ಸುಮ್ಮನೆ ಅಂದೆ. ಅದು ‘ಸುಮ್ಮನೆ’ ಎಂದೇ ಕೇಳಿಸಿತು.

ಅಂಚಿನ ರಿಪೋರ್ಟು ಬರುವ ದಿನ ನೂರ್‌ಜಾನ್ ನನ್ನನ್ನು ಬೆಂಚಿನಲ್ಲಿ ಕೂರಿಸಿ ಕೌಂಟರಿಗೆ ತಾನೇ ಹೋದಳು. ಲಕೋಟೆಯನ್ನು ಚೀಲದೊಳಗೆ ಹಾಕಿ ಜಿಪ್ ಎಳೆದಳು. ನಾನು ಕೈ ಚಾಚಿದೆ. ಅವಳು ಚೀಲವನ್ನು ಆಚೆ ಕಡೆಯ ತೊಡೆಯ ಮೇಲಿಟ್ಟುಕೊಂಡಳು. ಮೇಡಂ ಬರುವವರೆಗೆ ಒಂದೂಕಾಲು ಗಂಟೆ ಹಾಗೆಯೇ ಕೂತೆವು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಬರುವುದಿಲ್ಲ ಎಂದು ಅವಳಿಗೆ ಗೊತ್ತು. ನಮ್ಮಿಬ್ಬರಲ್ಲಿ ಹೆಚ್ಚು ಓದು ಬಲ್ಲವರು ಅವಳೇ ಎಂದು ಆ ಬೆಂಚಿನ ಮೇಲೆ ನನಗನ್ನಿಸಿತು.

ಮೇಡಂ ಒಳಗೆ ಕರೆದರು. ಲಕೋಟೆ ಒಡೆದು ಓದಿದರು, ಮುಖ ಅರಳಿತು. “ಮಾರ್ಜಿನ್ ಕ್ಲಿಯರ್ ಐತ್ರಿ” ಅಂದರು.

ಅದೇ ಮಾತು. ಅದೇ ಮುಖ ಅರಳಿಸುವ ಮಾತು. ನಾನು ಇಪ್ಪತ್ತಾರು ವರ್ಷ ಜನರಿಗೆ ಹೇಳಿದ್ದನ್ನು ಯಾರೋ ನನಗೆ ಹೇಳುತ್ತಿದ್ದಾರೆ, ನನಗೆ ಅದರಿಂದ ಏನೂ ಆಗಲಿಲ್ಲ. ನೂರ್‌ಜಾನಳ ಮುಖವಂತೂ ಕಲ್ಲಾಗಿತ್ತು.

“ಯಾವ ಕ್ಲಿಯರ್ ಮೇಡಂ?” ಅಂದಳು. “ಮಂಡಕ್ಕಿದಾ? ಕಿಡ್ನಿದಾ?”

ಮೇಡಂ ನಗಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಪೆನ್ನು ತೆಗೆದು ಕಾಗದದ ಮೇಲೆ ಒಂದು ಸಣ್ಣ ಸೊನ್ನೆ ಬರೆದರು, ಅದರ ಸುತ್ತ ದೊಡ್ಡ ಸೊನ್ನೆ ಬರೆದರು. “ಸಣ್ಣದು ಗಡ್ಡೆ. ದೊಡ್ಡದು ನಾವು ತೆಗೆದಿರೋ ಜಾಗ. ಈ ದೊಡ್ಡ ಗೆರೆ ಮೇಲೆ ಸುತ್ತ ಎಲ್ಲಾ ಕಡೆ ನೋಡ್ಯಾರೆ. ಎಲ್ಲೂ ಅದು ಮುಟ್ಟಿಲ್ಲ. ಒಂದು ಕಣನೂ ಇಲ್ಲ.”

“ಕರೆಂಟು?”

“ಬ್ಯಾಡ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ರಿ. ಬಾಳ ವರ್ಷ ತೋರಿಸ್ತಾನೇ ಇರಬೇಕು, ನಿಧಾನದ್ದು ನಿಧಾನಕ್ಕೆ ವಾಪಸ್ ಬರೋದೂ ಉಂಟು. ಆದ್ರೆ ಇವತ್ತಿಗೆ ಏನೂ ಇಲ್ಲ.”

“ಸಾಫ್?”

“ಸಾಫ್” ಅಂದರು ಮೇಡಂ.

ನೂರ್‌ಜಾನ್ ಆ ಎರಡು ಸೊನ್ನೆಯ ಕಾಗದವನ್ನು ಕೇಳಿ ತೆಗೆದುಕೊಂಡಳು. ಮಡಚಿ ಚೀಲದಲ್ಲಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೇಡಂ ಕಡೆ ತಿರುಗಿ, ಔಷಧಿಯ ಪಥ್ಯ ಕೇಳುವ ಹಾಗೆ, ಬಹಳ ಮರ್ಯಾದೆಯಿಂದ ಕೇಳಿದಳು.

“ಹಂಗಾದ್ರೆ ಮೇಡಂ, ಇನ್ನು ಇವರಿಗೆ ಬೈಬಹುದಾ?”

“ಬೈರಿ” ಅಂದರು ಮೇಡಂ. “ಎಷ್ಟು ಬೇಕಾದ್ರೂ ಬೈರಿ.”

ಅಲ್ಲಿಂದ ಶುರುವಾಯಿತು. ಕಾರಿಡಾರಿನಲ್ಲಿ ಶುರುವಾದದ್ದು ಗೇಟಿನಲ್ಲಿ ದೊಡ್ಡದಾಯಿತು, ಆಟೋದಲ್ಲಿ ಇನ್ನೂ ದೊಡ್ಡದಾಯಿತು, ಹರಿಹರದ ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೆ ಕೇಳಿಸುತ್ತಿತ್ತು. ಓದಲು ಬರದಿದ್ದರೂ ಓದಿದ್ದು, ಡಾಕ್ಟರಿಗೆ ತೋರಿಸದೆ ಬಂದದ್ದು, ಬಾಗಿಲಲ್ಲಿ ನಿಂತು ಸಾಫ್ ಅಂದದ್ದು, ಓಣಿಗೆಲ್ಲ ಪೇಡೆ ಹಂಚಿದ್ದು, ಆಸ್ಪತ್ರೆಯ ಫೋನಿಗೆ ಸುಳ್ಳು ಹೇಳಿದ್ದು, ತಾನು ಎಷ್ಟು ದಿನ ರೊಟ್ಟಿ ನೆನೆಸುವುದನ್ನು ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದದ್ದು. ಎಲ್ಲವನ್ನೂ ಕೂಡಿಟ್ಟುಕೊಂಡಿದ್ದಳು. ಒಂದೂ ಬಿಡಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡಲು ಬಂದವನು ನನ್ನ ಕಡೆ ಕನಿಕರದಿಂದ ನೋಡಿ ಮುಂದೆ ಹೋದ.

ನಾನು ಕಿಟಕಿಗೆ ತಲೆ ಆನಿಸಿ ಕೇಳುತ್ತಿದ್ದೆ. ಇಷ್ಟು ತಿಂಗಳಲ್ಲಿ ನನಗೆ ಪೂರ್ತಿ ಅರ್ಥವಾದ ರಿಪೋರ್ಟು ಅದೊಂದೇ. ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಬಸ್ಸಿನ ಕುಲುಕಾಟಕ್ಕೆ ಪ್ಲೇಟು ಸಡಿಲವಾಗಿತ್ತು, ಹೇಳಬೇಕೆಂದಿದ್ದ ತಪ್ಪಾಯ್ತು ಎನ್ನುವ ಮಾತು ಗಾಳಿಯಾಗಿ ಮೂಗಿನಲ್ಲಿ ಹೋಯಿತು. ಮತ್ತೊಮ್ಮೆ ಪ್ರಯತ್ನಿಸಿದೆ. ಬಂದದ್ದು ಒಂದೇ ಪದ.

“ನೂರ್” ಅಂದೆ.

ಅವಳು ಬೈಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಏನ್ರಿ?” ಅಂದಳು. ಆಮೇಲೆ ಉತ್ತರಕ್ಕೆ ಕಾಯದೆ, ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು.